ಮನೆಯ ಮಾತು, ಮಗುವಿನ ಹಕ್ಕು: ಧಾರವಾಡದಿಂದ ಲಿಯಾಂಡರ್‌ವರೆಗೆ



ಲಿಯಾಂಡರ್‌ನ ಶಾಲೆಗೆ ಮಕ್ಕಳನ್ನು ಸೇರಿಸುವಾಗ ನಾವು ತುಂಬುವ ಅರ್ಜಿಗಳಲ್ಲಿ ಮನೆಮಾತಿನ ಸಮೀಕ್ಷೆಯೂ ಒಂದು. ಮನೆಯಲ್ಲಿ ಯಾವ ಭಾಷೆಯನ್ನು ಆಡುತ್ತೀರಿ ಎಂಬ ಪ್ರಶ್ನೆಗೆ ನಮ್ಮಲ್ಲಿ ಹಲವರು ‘ಇಂಗ್ಲಿಷ್’ ಎಂದೇ ಬರೆದಿದ್ದೇವೆ. ಕನ್ನಡವೆಂದು ಬರೆದರೆ ಮಗುವನ್ನು ಇಂಗ್ಲಿಷ್ ಬಾರದವರ ಸಾಲಿಗೆ ಸೇರಿಸಿಯಾರು ಎಂಬ ಅಳುಕು ನಮಗೆ. ಆದರೆ ಮಗುವಿಗೆ ಮಾತು ತಡವಾಗಿ ಬರುತ್ತಿದ್ದರೆ, ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇದ್ದರೆ, ಆ ಒಂದು ಪದವು ಮಗುವಿಗೆ ಸಲ್ಲಬೇಕಾದುದನ್ನು ತಪ್ಪಿಸಬಲ್ಲದು. ಮಗುವನ್ನು ಅದರ ಭಾಷೆಯಲ್ಲಿಯೇ ಅರಿಯಬೇಕೆಂಬ ತತ್ತ್ವಕ್ಕೆ ದೀರ್ಘವಾದ ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಡೆದದ್ದು ಕನ್ನಡ ನಾಡಿನಲ್ಲಿಯೇ.

ವಿಶೇಷ ಶಿಕ್ಷಣದ ಅಗತ್ಯವಿರುವ ಮಕ್ಕಳನ್ನು ಗುರುತಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಪ್ಯಾರಿಸ್‌ನಲ್ಲಿ ಬುದ್ಧಿಪರೀಕ್ಷೆಯೊಂದನ್ನು ರೂಪಿಸಿದರು. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ಅಮೆರಿಕದ ಮಕ್ಕಳಿಗೆ ಹೊಂದಿಸಿದರು. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದವರು ವಿ. ವಿ. ಕಾಮತ್. ಧಾರವಾಡದ ಮಕ್ಕಳ ನಡುವೆ ನಡೆಸಿದ ಈ ಕಾರ್ಯವನ್ನು ಅವರು 1934ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1940ರಲ್ಲಿ ಪುಸ್ತಕವೂ ಹೊರಬಂದಿತು. ಪ್ರಶ್ನೆಗಳನ್ನು ಅನುವಾದಿಸಿದರೆ ಸಾಲದು, ಆ ಭಾಷೆಯ ಮಕ್ಕಳು ಯಾವ ವಯಸ್ಸಿನಲ್ಲಿ ಏನನ್ನು ಬಲ್ಲರು ಎಂಬುದನ್ನೂ ಕಂಡುಕೊಳ್ಳಬೇಕು ಎಂಬುದು ಅದರ ತಿರುಳು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಭಾರತದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಮೈಸೂರಿನಲ್ಲಿ 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆರಂಭವಾಯಿತು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆ 1972ರಲ್ಲಿ ಸಿದ್ಧವಾಯಿತು. 2000ದಲ್ಲಿ ಪ್ರತಿಭಾ ಕಾರಂತ್ ಅವರು ಬೆಂಗಳೂರಿನಲ್ಲಿ ಆಟಿಸಂ ಮತ್ತು ಭಾಷಾ ತೊಂದರೆಗಳಿರುವ ಎಳೆಯ ಮಕ್ಕಳಿಗಾಗಿ ‘ಕಾಮ್ ಡೀಲ್’ ಕಾರ್ಯಕ್ರಮವನ್ನು ಆರಂಭಿಸಿದರು. ಕನ್ನಡದ ಮಗುವನ್ನು ಕನ್ನಡದಲ್ಲಿ ಪರೀಕ್ಷಿಸುವ ವಿದ್ಯೆ ನಮ್ಮಲ್ಲಿ ಬಹುಕಾಲದಿಂದ ಇದೆ.

ಅಮೆರಿಕದಲ್ಲಿ ಈ ತತ್ತ್ವ ನ್ಯಾಯಾಲಯದ ಮೆಟ್ಟಿಲೇರಿ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಒಂಬತ್ತು ಮಕ್ಕಳನ್ನು, ಇಂಗ್ಲಿಷಿನಲ್ಲಿ ನಡೆಸಿದ ಬುದ್ಧಿಪರೀಕ್ಷೆಯ ಆಧಾರದ ಮೇಲೆ, ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಸ್ಪ್ಯಾನಿಷ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಬಹುಪಾಲು ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲವೆಂದು ತಿಳಿಯಿತು. ‘ಡಯಾನಾ’ ಎಂದು ಪ್ರಸಿದ್ಧವಾದ ಆ ಮೊಕದ್ದಮೆ 1970ರಲ್ಲಿ ಇತ್ಯರ್ಥವಾಯಿತು. 1975ರಲ್ಲಿ ಅಧ್ಯಕ್ಷ ಫೋರ್ಡ್ ಅವರ ಅಂಕಿತ ಪಡೆದ ವಿಶೇಷ ಶಿಕ್ಷಣದ ಕಾನೂನು ಈ ತತ್ತ್ವವನ್ನು ದೇಶಕ್ಕೆಲ್ಲ ಅನ್ವಯಿಸಿತು: ತೀರ ಅಸಾಧ್ಯವಾದ ಹೊರತು, ಮಗುವಿನ ಮೌಲ್ಯಮಾಪನ ಅದರ ಭಾಷೆಯಲ್ಲಿ ನಡೆಯಬೇಕು.

ಆದರೆ ಕಾನೂನಿದ್ದ ಮಾತ್ರಕ್ಕೆ ಸೇವೆ ದೊರೆಯುವುದಿಲ್ಲ ಎಂಬುದಕ್ಕೆ ನಮ್ಮ ಟೆಕ್ಸಸ್ಸೇ ಸಾಕ್ಷಿ. 2004ರಲ್ಲಿ ರಾಜ್ಯದ ಶಿಕ್ಷಣ ಇಲಾಖೆ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣಕ್ಕೆ ಶೇ. 8.5ರ ಗುರಿಯನ್ನು ಗೊತ್ತುಪಡಿಸಿತು. ಸಾವಿರಾರು ಮಕ್ಕಳು ಸೇವೆಯಿಂದ ಹೊರಗುಳಿದರು. 2016ರಲ್ಲಿ ‘ಹ್ಯೂಸ್ಟನ್ ಕ್ರಾನಿಕಲ್’ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಮನೆಯಲ್ಲಿ ಬೇರೆ ಭಾಷೆಯಾಡುವ ಮಕ್ಕಳೂ ಹೊರಗುಳಿದ ಬಗೆಯನ್ನು ವಿವರಿಸಿತು. 2017ರಲ್ಲಿ ರಾಜ್ಯದ ಶಾಸನಸಭೆ ಇಂಥ ಮಿತಿಯನ್ನು ನಿಷೇಧಿಸಿತು. 2018ರ ಜನವರಿಯಲ್ಲಿ ಒಕ್ಕೂಟ ಸರ್ಕಾರವು ಟೆಕ್ಸಸ್ ಕಾನೂನನ್ನು ಉಲ್ಲಂಘಿಸಿದೆಯೆಂದು ಸಾರಿತು.

ಭಾಷೆಯನ್ನು ಅರಿಯದೆ ಮಗುವನ್ನು ಅಳೆದರೆ ಎಲ್ಲಿ ತಪ್ಪಬಹುದು? ಕನ್ನಡದಲ್ಲಿ ‘ನೀರು ಬೇಕು’ ಎಂದರೆ ವಾಕ್ಯ ಪೂರ್ಣ. ‘ನನಗೆ’ ಎಂಬುದರ ಅಗತ್ಯವಿಲ್ಲ. ಅದೇ ಮಗು ಇಂಗ್ಲಿಷಿನಲ್ಲಿ ‘ನಾನು’ ಎಂಬುದನ್ನು ಬಿಟ್ಟರೆ ಅದೊಂದು ಕೊರತೆಯಾಗಿ ಕಾಣಬಹುದು. ನಮ್ಮ ಮಕ್ಕಳ ಬಾಯಲ್ಲಿ ಬಸ್ ‘ಬಸ್ಸು’ ಆಗುವುದು ಕನ್ನಡದ ಜಾಯಮಾನ, ಉಚ್ಚಾರಣೆಯ ದೋಷವಲ್ಲ. ಅಜ್ಜಿಯ ಕೈತುತ್ತು ಉಣ್ಣುವ ನಾಲ್ಕು ವರ್ಷದ ಮಗು ಚಮಚ ಹಿಡಿಯಲು ಬಾರದ್ದೆಂದು ದಾಖಲಾಗಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ‘ಎರಡು ಭಾಷೆಯ ಗೊಂದಲ, ತಾನಾಗಿಯೇ ಸರಿಹೋಗುತ್ತದೆ’ ಎಂದು ನಿಜವಾದ ತೊಂದರೆಯನ್ನು ಕಡೆಗಣಿಸುವುದು. ಎರಡೂ ಭಾಷೆಗಳಲ್ಲಿ ನೋಡಿದಾಗಲೇ ವ್ಯತ್ಯಾಸ ತಿಳಿದೀತು.

‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಲಹೆಯನ್ನು ನಂಬಿ, ಅಜ್ಜಿ ಮತ್ತು ಮೊಮ್ಮಗನ ನಡುವೆ ಮಾತೇ ನಿಂತುಹೋದ ಮನೆಗಳು ನಮ್ಮ ನಡುವೆಯೇ ಇವೆ. ಎರಡು ಭಾಷೆಗಳಿಂದ ಆಟಿಸಂ ಇರುವ ಮಗುವಿನ ಭಾಷಾ ಬೆಳವಣಿಗೆಗೆ ಹಾನಿಯಾಗುತ್ತದೆ ಎಂಬುದನ್ನು ಇದುವರೆಗಿನ ಸಂಶೋಧನೆಗಳು ಸಮರ್ಥಿಸಿಲ್ಲ. ಮಾತೇ ಕಷ್ಟವಾಗಿರುವ ಮಗುವಿನಿಂದ ಅದರ ಮೊದಲ ಮಾತನ್ನೇ ಕಿತ್ತುಕೊಳ್ಳಬೇಕಾಗಿಲ್ಲ.

2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಅಧ್ಯಕ್ಷರ ಆದೇಶವು, ಭಾಷಾ ಸೌಲಭ್ಯಗಳ ಕುರಿತ 2000ದ ಆದೇಶವನ್ನು ರದ್ದುಪಡಿಸಿತು. ಆದರೆ ವಿಶೇಷ ಶಿಕ್ಷಣದ ಕಾನೂನಿನ ಮಾತು ಹಾಗೆಯೇ ಇದೆ. ಮಗುವಿನ ಶಿಕ್ಷಣ ಯೋಜನೆಯನ್ನು ನಿರ್ಧರಿಸುವ ‘ಎ.ಆರ್.ಡಿ.’ ಸಭೆಯ ಚರ್ಚೆ ತಂದೆತಾಯಿಗೆ ಅರ್ಥವಾಗುವಂತೆ, ಅಗತ್ಯವಿದ್ದಲ್ಲಿ ದುಭಾಷಿಯನ್ನು ಒದಗಿಸುವುದು ಶಾಲೆಯ ಹೊಣೆ. ತಾಯಿ ಕಚೇರಿಯಲ್ಲಿ ಇಂಗ್ಲಿಷ್ ಆಡಬಲ್ಲಳೆಂದ ಮಾತ್ರಕ್ಕೆ ತನ್ನ ಮಗುವಿನ ಕಷ್ಟವನ್ನೂ ಇಂಗ್ಲಿಷಿನಲ್ಲಿಯೇ ತೋಡಿಕೊಳ್ಳಬಲ್ಲಳೆಂದು ಭಾವಿಸಬೇಕಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯದ ‘ಇ.ಸಿ.ಐ.’ ಸೇವೆ ಇದೆ. ಮೂರು ತುಂಬಿದ ಬಳಿಕ ಮೌಲ್ಯಮಾಪನವನ್ನು ಶಾಲಾ ಜಿಲ್ಲೆಯಲ್ಲಿ ಲಿಖಿತವಾಗಿ ಕೋರಬಹುದು.

ನಮ್ಮ ಸಂಘದ ಹಬ್ಬಗಳಿಗೆ ಬಾರದೆ, ‘ಜನ ಏನೆಂದಾರು’ ಎಂದು ಮನೆಯಲ್ಲಿಯೇ ಉಳಿಯುವ ಕುಟುಂಬಗಳೂ ಇವೆ. ಅವರನ್ನು ಕರೆತರುವ ಕೆಲಸ ನಮ್ಮದು. ಅದಕ್ಕೂ ಮೊದಲು, ಮುಂದಿನ ಬಾರಿ ಶಾಲೆಯ ಅರ್ಜಿ ಕೈಗೆ ಬಂದಾಗ, ಮನೆಯಲ್ಲಿ ಆಡುವ ಭಾಷೆ ಯಾವುದೆಂಬ ಪ್ರಶ್ನೆಯ ಮುಂದೆ ನಿಜವನ್ನೇ ಬರೆಯೋಣ: ಕನ್ನಡ.