ಔಟ್‌ಬೋರ್ಡ್ ಎಂಜಿನ್: ಹಳೆಯ ದೋಣಿಯಲ್ಲಿ ದೋಷಪತ್ತೆ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ, ಬೇಕೆಂದಾಗ ಬಿಚ್ಚಿ ದಡಕ್ಕೆ ಒಯ್ಯಬಹುದಾದ ಯಂತ್ರವೇ ಔಟ್‌ಬೋರ್ಡ್ ಎಂಜಿನ್. ಮೇಲೆ ಎಂಜಿನ್, ನಡುವೆ ನೀರಿಗಿಳಿಯುವ ಉದ್ದನೆಯ ಕಾಲು, ಕೆಳಗೆ ಗೇರ್ ಪೆಟ್ಟಿಗೆ ಮತ್ತು ಪ್ರೊಪೆಲ್ಲರ್. ನಾರ್ವೆ ಮೂಲದ ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ 1909ರಲ್ಲಿ ಇಂಥ ಎಂಜಿನ್ನನ್ನು ಮಾರುಕಟ್ಟೆಗೆ ತಂದರು. ಜಪಾನಿನ ಯಮಹಾ ಕಂಪನಿಯ ಮೊದಲ ಔಟ್‌ಬೋರ್ಡ್ ಬಂದದ್ದು 1960ರಲ್ಲಿ. ಇಂದು ಕರ್ನಾಟಕ ಕರಾವಳಿಯ ನಾಡದೋಣಿಗಳನ್ನು ಕಡಲಿಗೆ ಒಯ್ಯುವುದೂ, ಒಳನಾಡಿನ ಹೊಳೆ, ಜಲಾಶಯಗಳಲ್ಲಿ ಸಣ್ಣ ದೋಣಿಗಳನ್ನು ಓಡಿಸುವುದೂ ಇದೇ ಬಗೆಯ ಎಂಜಿನ್.

ಕೈಬದಲಾದ ದೋಣಿಯ ಎಂಜಿನ್ ತಿಣುಕಿದರೆ ಅನೇಕರು ಮೊದಲು ಕಾರ್ಬುರೇಟರಿಗೆ ಕೈ ಹಾಕುತ್ತಾರೆ. ಆದರೆ ದೋಷ ಬಹಳ ಸಲ ಇರುವುದು ಎಂಜಿನ್ನಿನ ಒಡಲಿನ ಹೊರಗೆ: ಟ್ಯಾಂಕು, ಪೈಪು, ಪ್ಲಗ್, ನೀರಿನ ಪಂಪು, ಪ್ರೊಪೆಲ್ಲರ್. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಬಿಚ್ಚುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದೇ ದೋಷಪತ್ತೆಯ ಸರಿಯಾದ ಕ್ರಮ.

ತುಂಗಭದ್ರೆಯ ಪರಿಸರ

ಎಂಜಿನ್ ಓಡುವ ಜಾಗವನ್ನು ತಿಳಿದಿದ್ದರೆ ದೋಷಪತ್ತೆ ಸುಲಭ; ತುಂಗಭದ್ರಾ ನದಿ ಇದಕ್ಕೆ ಉದಾಹರಣೆ. ಹಂಪಿಯ ಬಳಿ ಈ ಹೊಳೆ ದಾಟಿಸುತ್ತಿದ್ದದ್ದು ಹರಿಗೋಲು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಚರ್ಮ ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ನಂತರದ ಕಾಲದಲ್ಲಿ ವಿರೂಪಾಕ್ಷ ದೇಗುಲದ ಸಮೀಪದಿಂದ ವಿರೂಪಾಪುರ ಗಡ್ಡೆಗೆ ಮೋಟಾರು ದೋಣಿಗಳು ಓಡಾಡಿದವು. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿ ದೋಣಿ ಸಂಚಾರ ನಿಲ್ಲುತ್ತದೆ.

ಈ ಸೀಮೆಯ ನೀರು, ನೆಲ, ಬಿಸಿಲು ಮೂರೂ ಎಂಜಿನ್ನಿನ ಆಯುಷ್ಯವನ್ನು ಪರೀಕ್ಷಿಸುತ್ತವೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಅದು 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ನೀರಿನಲ್ಲಿ ತೇಲುವ ಅದೇ ಹೂಳು ಎಂಜಿನ್ ತಂಪುಮಾಡುವ ಪಂಪಿನ ರಬ್ಬರನ್ನು ಉಜ್ಜಿ ಸವೆಸುತ್ತದೆ. ಹಂಪಿ, ಆನೆಗೊಂದಿಯ ನಡುವೆ ಹೊಳೆಯ ತುಂಬ ಕಲ್ಲುಬಂಡೆಗಳಿವೆ. ನೀರು ಇಳಿದಾಗ ಪ್ರೊಪೆಲ್ಲರ್ ಬಡಿಯುವುದು ಅವಕ್ಕೇ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪೂರೈಕೆ ಕಡಿಯಬಹುದು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ, ಕರಾವಳಿಯಿಂದ ತಂದ ಎಂಜಿನ್ನಿನ ಶಕ್ತಿ ಶೇ 5ರಷ್ಟು ಕುಗ್ಗುವುದು ಸಹಜ, ಅದು ದೋಷವಲ್ಲ.

ಹೊಸಪೇಟೆ–ಬಳ್ಳಾರಿ ರೈಲುಮಾರ್ಗದ ಪಾಪಿನಾಯಕನಹಳ್ಳಿಯಲ್ಲಾಗಲಿ, ಸಂಡೂರು, ಕಂಪ್ಲಿಗಳಲ್ಲಾಗಲಿ, ಬಜಾಜ್ ಚೇತಕ್ ಸ್ಕೂಟರ್, ಯಮಹಾ ಆರ್‌ಎಕ್ಸ್ 100 ಬೈಕುಗಳನ್ನು ರಿಪೇರಿ ಮಾಡಿದ ಹಳೆಯ ಮೆಕ್ಯಾನಿಕ್‌ಗೆ ಹಳೆಯ ಔಟ್‌ಬೋರ್ಡಿನ ಒಳಗು ಅಪರಿಚಿತವೇನಲ್ಲ. ಎರಡೂ ಟೂ-ಸ್ಟ್ರೋಕ್; ಪ್ಲಗ್, ಜೆಟ್, ಪಿಸ್ಟನ್ ರಿಂಗಿನ ತತ್ವ ಒಂದೇ. ದೊಡ್ಡ ವ್ಯತ್ಯಾಸ ತಂಪಿನದು. ಬೈಕು ಗಾಳಿಗೆ ತಣಿಯುತ್ತದೆ, ಔಟ್‌ಬೋರ್ಡ್ ತಾನು ಓಡುವ ನೀರನ್ನೇ ಹೀರಿ ತಣಿಯುತ್ತದೆ. ಹಾಗಾಗಿ ಗ್ಯಾರೇಜಿನ ನೆಲದ ಮೇಲೆ ನೀರಿಲ್ಲದೆ ಸ್ಟಾರ್ಟ್ ಮಾಡಿದರೆ ಪಂಪಿನ ರಬ್ಬರು ಕೆಲವೇ ಕ್ಷಣಗಳಲ್ಲಿ ಹಾಳಾಗಬಹುದು. ಪರೀಕ್ಷೆಗೆ ಮುನ್ನ ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಬೇಕು.

ಇಂಧನದ ದಾರಿ

ತಪಾಸಣೆ ಶುರುವಾಗಬೇಕಾದದ್ದು ಇಲ್ಲಿಂದ. ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗಿ ಕೆಲವು ನಿಮಿಷಗಳಲ್ಲಿ ನಿಂತುಹೋದರೆ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ನೋಡಬೇಕು. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ತಿರುಪು ಸಡಿಲಿಸಿದರೆ ರಿಪೇರಿ ಮುಗಿಯಿತು.

ಪೈಪಿನ ನಡುವಿನ ರಬ್ಬರಿನ ಕೈಪಂಪು ಹಲವು ಗುಟ್ಟುಗಳನ್ನು ಹೇಳುತ್ತದೆ. ಒತ್ತಿದಷ್ಟೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಅದರೊಳಗಿನ ವಾಲ್ವ್ ಕೆಟ್ಟಿದೆ. ಓಡುವಾಗ ಅದು ತಾನಾಗಿ ಚಪ್ಪಟೆಯಾದರೆ ಟ್ಯಾಂಕಿನ ಕಡೆ ಅಡಚಣೆ ಇದೆ. ಎಂಜಿನ್ ಮುಗ್ಗರಿಸುತ್ತಿರುವಾಗ ಕೈಪಂಪನ್ನು ಒತ್ತುತ್ತಿದ್ದಂತೆ ವೇಗ ಮರಳಿದರೆ, ಎಂಜಿನ್ನಿನ ಇಂಧನ ಪಂಪಿನ ತೆಳುಪೊರೆ ಹರಿದಿರುವ ಸಾಧ್ಯತೆ ಹೆಚ್ಚು.

ಮುಂದಿನದು ಪೆಟ್ರೋಲಿನ ಗುಣ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ ಮೊದಲು ಹೀರುವುದು ತಳದ್ದನ್ನೇ. ಹಳೆಯ ರಬ್ಬರ್ ಪೈಪುಗಳನ್ನೂ ಎಥೆನಾಲ್ ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತಿದ್ದ ದೋಣಿಯ ಇಂಧನವನ್ನು ಚೆಲ್ಲದೆ ಪ್ರತ್ಯೇಕವಾಗಿ ತೆಗೆದಿಟ್ಟು, ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ನೋಡಬೇಕು. ಎರಡು ಪದರ ಕಂಡರೆ ಹೊಸ ಪೆಟ್ರೋಲ್, ಹೊಸ ಫಿಲ್ಟರ್ ಹಾಕದೆ ಮುಂದುವರಿಯಬಾರದು.

ಇಷ್ಟಾದ ಮೇಲೆ ಕಾರ್ಬುರೇಟರಿನ ಸರದಿ. ಚೋಕ್ ಎಳೆದಿದ್ದರೆ ಮಾತ್ರ ಓಡುವ ಎಂಜಿನ್ನಿಗೆ ಇಂಧನ ಸಾಲುತ್ತಿಲ್ಲ. ನಿಧಾನ ಓಟದಲ್ಲಿ ನಿಂತು, ರೇಸ್ ಕೊಟ್ಟರೆ ಓಡಿದರೆ ಸಣ್ಣ ಜೆಟ್ (ಇಂಧನ ಹರಿಯುವ ಕಿರುರಂಧ್ರ) ಕಟ್ಟಿದೆ. ನಿಧಾನವಾಗಿ ಚೆನ್ನಾಗಿ ಓಡಿ, ವೇಗ ಏರಿಸಿದೊಡನೆ ಕುಸಿದರೆ ಅನುಮಾನ ದೊಡ್ಡ ಜೆಟ್ಟಿನ ಮೇಲೆ. ಜೆಟ್ಟಿಗೆ ತಂತಿ ಚುಚ್ಚಿದರೆ ರಂಧ್ರದ ಅಳತೆ ಕೆಡುತ್ತದೆ. ಕ್ಲೀನರ್ ದ್ರವ ಮತ್ತು ಗಾಳಿಯ ಒತ್ತಡ ಸಾಕು.

ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸುವ ಪ್ರಮಾಣ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾದ 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್. ಹೆಚ್ಚಾದರೆ ಪ್ಲಗ್ ಕಪ್ಪಿಟ್ಟು ಹೊಗೆ ಏಳುತ್ತದೆ, ಕಡಿಮೆಯಾದರೆ ಎಂಜಿನ್ ಸೀಜ್ ಆಗುತ್ತದೆ.

ಸೀಮೆಎಣ್ಣೆ ಎಂಜಿನ್

ಕರಾವಳಿಯ ನಾಡದೋಣಿಗಳಿಗೆ ರಾಜ್ಯ ಸರಕಾರ ರಿಯಾಯಿತಿ ದರದಲ್ಲಿ ಸೀಮೆಎಣ್ಣೆ ಒದಗಿಸುತ್ತ ಬಂದಿದೆ. ಅಲ್ಲಿಂದ ಬರುವ ಹಳೆಯ ಎಂಜಿನ್ನುಗಳಲ್ಲಿ ಸೀಮೆಎಣ್ಣೆಗೆಂದೇ ತಯಾರಾದವೂ ಇರುತ್ತವೆ. ಇವನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಈ ಕ್ರಮ ತಪ್ಪಿ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ, ಮರುದಿನ ಎಷ್ಟು ಹಗ್ಗ ಎಳೆದರೂ ತಣ್ಣನೆಯ ಎಂಜಿನ್ ಹತ್ತುವುದು ಕಷ್ಟ. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನ ನೀರಿನ ದಾರಿಗಳಲ್ಲಿ ಉಪ್ಪು ಗಟ್ಟಿಯಾಗಿ ಕೂತಿರುವ ಅಪಾಯವೂ ಇದೆ. ಕಡಲಿಗೆ ಹೋದ ಪ್ರತಿ ಸಲವೂ ಸಿಹಿನೀರಿನಿಂದ ತೊಳೆದಿದ್ದರೆ ಮಾತ್ರ ಅದು ತಪ್ಪುತ್ತದೆ.

ಕಿಡಿ ಮತ್ತು ಒತ್ತಡ

ಎಂಜಿನ್ ಹತ್ತಲೇ ಇಲ್ಲವೆಂದರೆ ಪ್ಲಗ್ ಬಿಚ್ಚುವ ಮೊದಲು ತುರ್ತು ನಿಲುಗಡೆಯ ಹಗ್ಗ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಬೇಕು. ಬಳಿಕ ಪ್ಲಗ್ಗಿನ ಬಣ್ಣ: ಕಂದು ಬಣ್ಣವಿದ್ದರೆ ಆರೋಗ್ಯ, ಒದ್ದೆಯಾದ ಕಪ್ಪು ಎಂದರೆ ಉರಿಯದ ಇಂಧನ, ಬಿಳಿಚಿದ್ದರೆ ಅತಿ ಬಿಸಿ, ನೀರಿನ ಹನಿಗಳಿದ್ದರೆ ಗ್ಯಾಸ್ಕೆಟ್ ಸೋರಿಕೆಯ ಶಂಕೆ.

ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಓಡುವಾಗ ಒಂದೊಂದೇ ಪ್ಲಗ್ಗಿನ ಕಿಡಿ ತಪ್ಪಿಸಿ ಗಮನಿಸಬೇಕು. ವೇಗ ಇಳಿಯದಿದ್ದರೆ ಆ ಸಿಲಿಂಡರ್ ಮೊದಲೇ ಸುಮ್ಮನಿತ್ತು ಎಂದರ್ಥ. ಬಿಡಿಸಿದ ವೈರನ್ನು ಅರ್ತ್ ಮಾಡದಿದ್ದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಸಿಡಿಐ ಘಟಕ ಸುಡಬಹುದು, ಕೈಗೆ ಶಾಕ್ ಹೊಡೆಯಬಹುದು; ಸುತ್ತ ಪೆಟ್ರೋಲಿನ ಆವಿಯೂ ಇರಬಾರದು.

ಅಂತಿಮ ತೀರ್ಪು ಕೊಡುವುದು ಕಂಪ್ರೆಷನ್ ಮಾಪಕ. ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ತಿರುಗಿಸಿದಾಗ ಸಿಲಿಂಡರುಗಳ ನಡುವೆ ಶೇ 15ಕ್ಕಿಂತ ಹೆಚ್ಚು ಅಂತರ ಕಂಡರೆ ರಿಂಗ್, ಪಿಸ್ಟನ್ ಅಥವಾ ಗ್ಯಾಸ್ಕೆಟ್ ಹೋಗಿದೆ. ಇದನ್ನು ಕಾರ್ಬುರೇಟರಿನ ಯಾವ ತಿರುಪೂ ಸರಿಪಡಿಸದು.

ತಂಪು, ಗೇರ್, ಪ್ರೊಪೆಲ್ಲರ್

ಓಡುವ ಎಂಜಿನ್ನಿನ ಹಿಂಬದಿಯಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಧಾರೆ ಕಾಣದಿದ್ದರೆ ಕೂಡಲೇ ನಿಲ್ಲಿಸಬೇಕು. ಆ ರಂಧ್ರದಲ್ಲಿ ಹೂಳೋ ಹುಳದ ಗೂಡೋ ಸಿಕ್ಕಿರಬಹುದು. ತೆಳುತಂತಿಯಿಂದ ಬಿಡಿಸಿದ ಮೇಲೂ ನೀರು ಬರದಿದ್ದರೆ ಪಂಪಿನ ರಬ್ಬರ್ ಚಕ್ರ ಬದಲಿಸಬೇಕು. ಇತಿಹಾಸ ಗೊತ್ತಿಲ್ಲದ ಎಂಜಿನ್ ಕೊಂಡವರು ಅದನ್ನು ಮೊದಲ ದಿನವೇ ಬದಲಿಸುವುದು ಲೇಸು.

ಎಂಜಿನ್ ಕೂಗುತ್ತದೆ, ದೋಣಿ ಸಾಗುವುದಿಲ್ಲ ಎಂಬ ದೂರಿನ ಮೂಲ ಪ್ರೊಪೆಲ್ಲರಿನಲ್ಲಿದೆ. ಸಣ್ಣ ಎಂಜಿನ್ನುಗಳಲ್ಲಿ ಬಂಡೆ ಬಡಿದಾಗ ಗೇರ್ ಉಳಿಸಲೆಂದೇ ಮುರಿಯುವ ಶಿಯರ್ ಪಿನ್ ಇರುತ್ತದೆ. ದೊಡ್ಡವುಗಳಲ್ಲಿ ಪ್ರೊಪೆಲ್ಲರಿನ ನಡುವಿನ ರಬ್ಬರ್ ಜಾರುತ್ತದೆ. ಎಸಳು ಸೊಟ್ಟಗಾಗಿದ್ದರೆ ಇಡೀ ದೋಣಿ ನಡುಗುತ್ತದೆ. ಪ್ರೊಪೆಲ್ಲರ್ ಬಿಚ್ಚಿದಾಗ ಶಾಫ್ಟಿಗೆ ಬಲೆಯ ನೈಲಾನ್ ದಾರ ಸುತ್ತಿದೆಯೇ ನೋಡಬೇಕು. ಅದು ಒಳಗಿನ ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ.

ಎಂಜಿನ್ ನಿರ್ದೋಷಿಯಾಗಿ, ದೋಣಿಯೇ ತಪ್ಪಿತಸ್ಥ ಆಗಿರುವುದೂ ಉಂಟು. ಹಳೆಯ ಫೈಬರ್ ದೋಣಿಯ ಒಳಪದರ ನೀರು ಕುಡಿದು ತೂಕ ಏರಿದರೆ, ತಳಕ್ಕೆ ಪಾಚಿ ಕಟ್ಟಿದರೆ, ಎಷ್ಟು ಒಳ್ಳೆಯ ಎಂಜಿನ್ನೂ ದಣಿಯುತ್ತದೆ. ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕಿಂತ ಮೇಲಿದ್ದರೆ ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಕಡೆಯುತ್ತದೆ.

ಕೊಳ್ಳುವ ಮುನ್ನ

ಮಾರುವವರು ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದು ತಣಿಯುವ ತನಕ ಕಾದು, ತಣ್ಣನೆಯದನ್ನೇ ಸ್ಟಾರ್ಟ್ ಮಾಡಿಸಬೇಕು. ಬಿಡಿಭಾಗ ಸಿಗುತ್ತದೆಯೇ ಎಂಬುದೂ ಅಷ್ಟೇ ಮುಖ್ಯ: ಎವಿನ್‌ರೂಡ್ ಹೆಸರಿನ ಎಂಜಿನ್ನುಗಳ ತಯಾರಿಕೆಯನ್ನು ಕೆನಡಾದ ಬಿಆರ್‌ಪಿ ಕಂಪನಿ 2020ರಲ್ಲಿ ನಿಲ್ಲಿಸಿತು. ಒಳನಾಡಿನ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆಯ ನಿಯಮಗಳು ಈಗ 1917ರ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗು ಕಾಯ್ದೆಯಡಿ ಇವೆ. ಆ ಕಾಗದಪತ್ರಗಳನ್ನು ಕೇಳಿ ನೋಡಬೇಕು. ಕಂಪ್ರೆಷನ್ ಸಮನಾಗಿದ್ದು ಗೇರ್ ಆಯಿಲ್ ಶುದ್ಧವಾಗಿದ್ದರೆ ಉಳಿದ ದೋಷಗಳಿಗೆ ಹೆದರಬೇಕಿಲ್ಲ, ಅವು ಬಹುತೇಕ ಸಣ್ಣ ಖರ್ಚಿನವು. ಈ ಎರಡರಲ್ಲಿ ಒಂದು ಕೆಟ್ಟಿದ್ದರೂ ಬೆಲೆ ಎಷ್ಟೇ ಅಗ್ಗವಿರಲಿ, ಆ ಎಂಜಿನ್ ಕೊಳ್ಳದಿರುವುದೇ ಒಳಿತು.