ಲಾರಿಯ ಬೆನ್ನೇರಿ ಬಂದ ಸಿಟಿ ಬಸ್ಸು

ಬ್ರೂಸ್‌ಪೇಟೆಯಲ್ಲಿ ಸಾಮಾನು ಕೊಂಡು, ಕೈಚೀಲ ಹಿಡಿದು ನಿಂತ ವಯಸ್ಸಾದ ಹೆಂಗಸೊಬ್ಬರು ಬಸ್ಸು ಹತ್ತುವುದನ್ನು ನಿಂತು ನೋಡಬೇಕು. ಮೊದಲು ಚೀಲ ಒಳಗೆ ಹೋಗುತ್ತದೆ. ಯಾರೋ ಪುಣ್ಯಾತ್ಮರು ಅದನ್ನು ಎಳೆದುಕೊಳ್ಳುತ್ತಾರೆ. ಆಮೇಲೆ ಒಂದು ಕೈ ಬಾಗಿಲ ಕಂಬಿಗೆ, ಇನ್ನೊಂದು ಕೈ ಸೀರೆಯ ನೆರಿಗೆಗೆ. ಮೊದಲ ಮೆಟ್ಟಿಲಿಗೆ ಕಾಲೆತ್ತುವಾಗ ಮೊಣಕಾಲು ಹೆಚ್ಚುಕಡಿಮೆ ಸೊಂಟದ ಮಟ್ಟಕ್ಕೆ ಬರುತ್ತದೆ. ಅಷ್ಟರಲ್ಲಿ ಒಳಗಿನಿಂದ ‘ಜಲ್ದಿ ಹತ್ರಮ್ಮಾ’ ಎಂಬ ಕೂಗು. ನಾವೆಲ್ಲ ಇದನ್ನು ಮುಪ್ಪಿನ ಕಷ್ಟವೆಂದೇ ತಿಳಿದಿದ್ದೇವೆ. ಆದರೆ ಕಷ್ಟದ ಬಹುಪಾಲು ಆ ಅಜ್ಜಿಯ ಮೊಣಕಾಲಿನಲ್ಲಿಲ್ಲ, ಬಸ್ಸಿನ ಕೆಳಗಿದೆ.

ನಮ್ಮ ಬಸ್ಸು ಮೂಲತಃ ಬಸ್ಸೇ ಅಲ್ಲ, ಲಾರಿ. 1948ರಲ್ಲಿ ಸ್ಥಾಪನೆಯಾದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಸೇರಿ 1954ರಲ್ಲಿ ವಾಹನ ತಯಾರಿಕೆಗೆ ಇಳಿಯಿತು. ಸರಕು ಹೊರುವುದಕ್ಕೂ ಜನರನ್ನು ಹೊರುವುದಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯ ಚಾಸಿ. ಚಾಸಿ ಎಂದರೆ ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಏಣಿಯಂತೆ ಅಡ್ಡಪಟ್ಟಿಗಳು. ಇಂಜಿನ್ ಮುಂದೆ, ನೂಕುವ ಚಕ್ರಗಳು ಹಿಂದೆ. ಇವೆರಡನ್ನೂ ಕೂಡಿಸುವ ಪ್ರೊಪೆಲ್ಲರ್ ಶಾಫ್ಟ್ ಎಂಬ ದಂಡ ಗಾಡಿಯ ಹೊಟ್ಟೆಯ ಕೆಳಗೆ ತಿರುಗುತ್ತಿರಬೇಕು. ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ಲಿನ ದಪ್ಪ ಗುಂಡು, ಅದರ ಮೇಲೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಅದರ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ. ಇಷ್ಟೆಲ್ಲ ಒಂದರ ಮೇಲೊಂದು ಕೂತಾಗ ಪ್ರಯಾಣಿಕ ನಿಲ್ಲುವ ನೆಲ ರಸ್ತೆಯಿಂದ ಸುಮಾರು 1,100 ಮಿಲಿಮೀಟರ್, ಅಂದರೆ ಮೂರೂವರೆ ಅಡಿಗೂ ತುಸು ಮೇಲೆ ಹೋಗುತ್ತದೆ.

ಲಾರಿಗೆ ಈ ಎತ್ತರ ಅನುಕೂಲವೇ. ಗೋದಾಮಿನ ಕಟ್ಟೆಗೆ ಹೊಂದುತ್ತದೆ, ಹಳ್ಳಕೊಳ್ಳದಲ್ಲಿ ಹೊಟ್ಟೆ ತಾಗುವುದಿಲ್ಲ. ಮೂಟೆಗಳು ತಾವಾಗಿ ಹತ್ತಬೇಕಾಗಿಯೂ ಇಲ್ಲ!

ಆ ಕಾಲದ ಅಗತ್ಯವೇ ಬೇರೆಯಾಗಿತ್ತೆಂಬುದನ್ನು ಒಪ್ಪಲೇಬೇಕು. ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮ ಬಂತು. ಊರಿಂದೂರಿಗೆ ಕಚ್ಚಾ ರಸ್ತೆಯಲ್ಲಿ ಬಸ್ಸು ಮುಟ್ಟಿಸುವುದೇ ದೊಡ್ಡ ಸಾಹಸವಾಗಿದ್ದ ದಿನಗಳಲ್ಲಿ ಎತ್ತರದ, ಗಟ್ಟಿಮುಟ್ಟಾದ, ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ ಗಾಡಿಯೇ ಬೇಕಿತ್ತು. ಕಂಪನಿಯಿಂದ ಬರಿಯ ಚಾಸಿ ತರಿಸಿ, ಅದರ ಮೇಲೆ ಮೈಕಟ್ಟು ಕಟ್ಟುವ ಕಲೆಯನ್ನು ನಿಗಮಗಳ ಕಾರ್ಯಾಗಾರಗಳು ಚೆನ್ನಾಗಿ ಕರಗತ ಮಾಡಿಕೊಂಡವು. ತೊಡಕಾದದ್ದು ಅದೇ ಗಾಡಿಯನ್ನು ನಗರದೊಳಗೂ ಓಡಿಸಿದ್ದರಿಂದ.

ದೂರದ ಬಸ್ಸನ್ನು ಪ್ರಯಾಣಿಕ ಒಮ್ಮೆ ಹತ್ತಿ ಒಮ್ಮೆ ಇಳಿಯುತ್ತಾನೆ. ಸಿಟಿ ಬಸ್ಸಿನ ಕೆಲಸವೇ ಹತ್ತಿಸಿ ಇಳಿಸುವುದು. ಪ್ರತಿಯೊಬ್ಬರೂ ಮೆಟ್ಟಿಲೇರಲು ಎರಡು ಸೆಕೆಂಡು ಹೆಚ್ಚು ತೆಗೆದುಕೊಂಡರೆಂದು ಲೆಕ್ಕ ಹಿಡಿಯಿರಿ: ಮೂವತ್ತು ಜನ ಹತ್ತುವ ನಿಲ್ದಾಣದಲ್ಲಿ ಒಂದು ನಿಮಿಷ ಹೋಯಿತು. ಆ ನಿಮಿಷವನ್ನು ಹೊಂದಿಸಿಕೊಳ್ಳಲು ಚಾಲಕ ಕೊನೆಯವನ ಕಾಲು ಫುಟ್‌ಬೋರ್ಡಿನ ಮೇಲಿರುವಾಗಲೇ ಗಾಡಿ ಎಳೆಯುತ್ತಾನೆ. ಬಾಗಿಲಿಗೆ ಜೋತುಬೀಳುವ ಚಟವನ್ನು ಬರಿಯ ಹುಡುಗಾಟಿಕೆ ಎಂದು ಬಯ್ಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೇರೆಡೆಯೂ ಜ್ಞಾನೋದಯ ತಡವಾಗಿಯೇ ಆಯಿತು. 1956ರಲ್ಲಿ ಲಂಡನ್ ಬೀದಿಗಿಳಿದ ರೂಟ್‌ಮಾಸ್ಟರ್ ಎಂಬ ಕೆಂಪು ಡಬಲ್ ಡೆಕ್ಕರಿನ ಹಿಂಬದಿಯಲ್ಲಿ ತಗ್ಗಿನ ತೆರೆದ ಕಟ್ಟೆಯಿತ್ತು. ಕಾಲಿನಲ್ಲಿ ಶಕ್ತಿಯಿದ್ದವರು ಹಾರಿ ಹತ್ತಿ ಹಾರಿ ಇಳಿಯುತ್ತಿದ್ದರು. ಗಾಲಿಕುರ್ಚಿಗೆ ಮಾತ್ರ ಅಲ್ಲಿ ದಾರಿಯಿರಲಿಲ್ಲ. ಜನ ಅಷ್ಟು ಪ್ರೀತಿಸಿದ ಆ ಬಸ್ಸನ್ನು 2005ರ ಡಿಸೆಂಬರಿನಲ್ಲಿ ನಿತ್ಯಸೇವೆಯಿಂದ ತೆಗೆಯಲು ಅದೂ ಒಂದು ಮುಖ್ಯ ಕಾರಣ. ಅಷ್ಟರಲ್ಲಿ ಯುರೋಪಿನಲ್ಲಿ ಲೋ ಫ್ಲೋರ್, ಅಂದರೆ ತಗ್ಗು ನೆಲದ ಬಸ್ಸು ರೂಢಿಗೆ ಬಂದಿತ್ತು. ಅದರ ಗುಟ್ಟು ಸರಳ: ಇಂಜಿನನ್ನು ಹಿಂದಕ್ಕೆ ತಳ್ಳಿದರೆ ಹೊಟ್ಟೆಯ ಕೆಳಗಿನ ಉದ್ದನೆಯ ದಂಡವೇ ಬೇಡ. ಉಕ್ಕಿನ ಪಟ್ಟಿಯ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲ ಬಂದರೆ ನೆಲ ಇನ್ನಷ್ಟು ಕೆಳಗಿಳಿಯುತ್ತದೆ. ಬಾಗಿಲ ಕಡೆಯ ಚೀಲಗಳ ಗಾಳಿಯನ್ನು ತುಸು ಬಿಟ್ಟರೆ ಬಸ್ಸು ಒಂಟೆಯಂತೆ ಆ ಮಗ್ಗುಲಿಗೆ ಬಾಗುತ್ತದೆ.

ಲಂಡನ್ನಿನಲ್ಲಿ ರೂಟ್‌ಮಾಸ್ಟರ್ ಬೀಳ್ಕೊಳ್ಳುವ ಹೊತ್ತಿಗೇ, 2005-06ರಲ್ಲಿ, ಬೆಂಗಳೂರಿನ ಬಿಎಂಟಿಸಿ ವೋಲ್ವೊ ಕಂಪನಿಯ ಇಂಥ ಬಸ್ಸುಗಳನ್ನು ತಂದಿತು. ಮುಂದೆ ಅವು ‘ವಜ್ರ’ ಎಂದು ಹೆಸರಾದವು. ರಸ್ತೆಯಿಂದ ಒಂದೇ ಹೆಜ್ಜೆಗೆ ಒಳಗೆ. ಗಾಲಿಕುರ್ಚಿಗೆ ನಡುಬಾಗಿಲಲ್ಲಿ ಮಡಚುವ ಹಲಗೆ. ಆದರೆ ಮೆಟ್ಟಿಲಿಲ್ಲದ ಬಸ್ಸು ತಣ್ಣನೆಯ ಗಾಳಿಯ ಜತೆಗೆ, ದುಬಾರಿ ಟಿಕೆಟ್ಟಿನ ಜತೆಗೆ ಬಂತು. ತಗ್ಗು ನೆಲ ಯಾರಿಗೆ ಹೆಚ್ಚು ಬೇಕಿತ್ತೋ ಅವರಲ್ಲಿ ಬಹಳ ಮಂದಿ ಎತ್ತರದ ಬಸ್ಸಿನಲ್ಲೇ ಉಳಿದರು. ಸುಖಕ್ಕೂ ಸೌಕರ್ಯಕ್ಕೂ ಇರುವ ಅಂತರವನ್ನು ನಮ್ಮಲ್ಲಿ ಯೋಜನೆ ಮಾಡುವವರು ಎಷ್ಟೋ ಸಲ ಮರೆಯುತ್ತಾರೆ.

ಕಾನೂನು ಮಾತ್ರ ಮೊದಲೇ ಇತ್ತು. 1995ರ ಅಂಗವಿಕಲರ ಕಾಯ್ದೆಯ 44ನೇ ಕಲಮು ಬಸ್ಸುಗಳನ್ನು ಅವರು ಸುಲಭವಾಗಿ ಬಳಸುವಂತೆ ಮಾರ್ಪಡಿಸಬೇಕೆಂದು ಹೇಳಿತ್ತು. ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಬಾಲವೂ ಅದಕ್ಕಿತ್ತು. ಆ ಬಾಲವನ್ನು ಹಿಡಿದೇ ಅನೇಕ ವರ್ಷಗಳು ಕಳೆದವು. 2008ರಲ್ಲಿ ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ ನಗರ ಬಸ್ಸುಗಳಿಗೆಂದೇ ವಿನ್ಯಾಸದ ನಿಯಮಾವಳಿ ಹೊರಡಿಸಿತು. ಲಾರಿಯಿಂದ ಸಿಟಿ ಬಸ್ಸನ್ನು ಬೇರ್ಪಡಿಸಿದ ಗಟ್ಟಿ ಹೆಜ್ಜೆ ಇದೆನ್ನಬಹುದು. ನೆಲದ ಎತ್ತರಕ್ಕೆ 400, 650, 900 ಮಿಲಿಮೀಟರ್ ಎಂಬ ಮೂರು ಮಟ್ಟಗಳು ಬಳಕೆಗೆ ಬಂದವು. ಮೊದಲನೆಯದು ಒಂದಡಿ ನಾಲ್ಕು ಅಂಗುಲ, ನಡುವಿನದು ಎರಡಡಿಗೆ ತುಸು ಹೆಚ್ಚು, ಕೊನೆಯದು ಹತ್ತಿರ ಹತ್ತಿರ ಮೂರಡಿ.

ಹಾಗಾದರೆ ಎಲ್ಲ ಊರುಗಳಿಗೂ 400ನ್ನೇ ಕೊಡಬಾರದೇಕೆ? ತಗ್ಗು ಬಸ್ಸಿನ ಒಳಕ್ಕೆ ಚಕ್ರದ ಗುಮ್ಮಟಗಳು ಉಬ್ಬಿ ಬಂದು ಸೀಟುಗಳು ಕಡಿಮೆಯಾಗುತ್ತವೆ. ಅಳತೆಯಿಲ್ಲದೆ ಕಟ್ಟಿದ ರಸ್ತೆ ಉಬ್ಬುಗಳು ಹೊಟ್ಟೆಗೆ ತಾಗುತ್ತವೆ. ಮಳೆ ಬಂದಾಗ ರೈಲ್ವೆ ಕೆಳಸೇತುವೆಯಲ್ಲಿ ನಿಲ್ಲುವ ನೀರು ಎತ್ತರದ ಬಸ್ಸಿನ ಚಕ್ರ ತೊಳೆದರೆ ತಗ್ಗಿನ ಬಸ್ಸಿನ ಒಳಗೇ ಬರುತ್ತದೆ. ಗಾಳಿ ಚೀಲ ಒಡೆದರೆ ಉಕ್ಕಿನ ಪಟ್ಟಿಯಂತೆ ರಸ್ತೆ ಬದಿಯಲ್ಲಿ ದುರಸ್ತಿಯಾಗದು. ಡಿಪೋದವರ ಈ ಗೊಣಗಾಟವನ್ನು ಮೈಗಳ್ಳತನವೆಂದು ತಳ್ಳಿಹಾಕುವಂತಿಲ್ಲ. ಅದಿರು ಲಾರಿಗಳು ಹರಿದಾಡಿದ ಬಳ್ಳಾರಿ ಜಿಲ್ಲೆಯ ಜನಕ್ಕೆ ರಸ್ತೆಯ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ನೋಡಿದರೆ 650ರ ಬಸ್ಸು ಮಧ್ಯಮ ಊರುಗಳಿಗೆ ಅವಮಾನವೇನಲ್ಲ. ಲಾರಿಯ ಎತ್ತರಕ್ಕಿಂತ ಅದು ಒಂದೂವರೆ ಅಡಿ ಕೆಳಗಿದೆ.

ಹುಬ್ಬಳ್ಳಿ-ಧಾರವಾಡದವರು ಈ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಿದರು. 2018ರಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿದ ಅಲ್ಲಿಯ ‘ಚಿಗರಿ’ ಬಸ್ಸುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ದಾರಿ, ಬಸ್ಸಿನ ನೆಲಕ್ಕೆ ಸಮನಾದ ಎತ್ತರದ ನಿಲ್ದಾಣ. ಬಸ್ಸನ್ನು ಇಳಿಸುವ ಬದಲು ಜನ ನಿಲ್ಲುವ ಕಟ್ಟೆಯನ್ನೇ ಏರಿಸಿದ್ದು ಜಾಣತನ. ಆದರೆ ಕಟ್ಟೆಯಿರುವಷ್ಟು ದೂರ ಮಾತ್ರ ಈ ಜಾಣತನ ನಡೆಯುತ್ತದೆ.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹೊರೆ ಇಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದ ಟಾಟಾ ಕಂಪನಿಯ 12 ಮೀಟರಿನ ವಿದ್ಯುತ್ ಬಸ್ಸುಗಳು ಹವಾನಿಯಂತ್ರಣವಿಲ್ಲದ, ಸಾಮಾನ್ಯ ದರದ, ತಗ್ಗು ನೆಲದ ಬಸ್ಸುಗಳು. ದೊಡ್ಡ ಇಂಜಿನ್ ಹೋಗಿ ಬ್ಯಾಟರಿ, ಮೋಟಾರು ಬಂದಾಗ ಯಾವುದನ್ನು ಎಲ್ಲಿಡಬೇಕೆಂಬ ಸ್ವಾತಂತ್ರ್ಯ ವಿನ್ಯಾಸಕಾರನಿಗೆ ಹೆಚ್ಚುತ್ತದೆ. ಮುಂದೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಬಳ್ಳಾರಿಗೆ ಹೊಸ ಸಿಟಿ ಬಸ್ಸು ಕೊಳ್ಳುವಾಗ ಊರಿನವರು ಬಣ್ಣ, ಟಿವಿ ಪರದೆ, ಮೊಬೈಲ್ ಚಾರ್ಜರುಗಳಿಗಿಂತ ಮೊದಲು ನೆಲದ ಎತ್ತರವೆಷ್ಟು ಎಂದು ಕೇಳುವುದು ಒಳ್ಳೆಯದು.

ಜತೆಗೆ ಇನ್ನೊಂದನ್ನೂ ಕೇಳಬೇಕು. ಫುಟ್‌ಪಾತಿನ ಅಂಚಿನ ಕಲ್ಲು ಸಾಮಾನ್ಯವಾಗಿ ಅರ್ಧ ಅಡಿಯಷ್ಟು ಎತ್ತರವಿರುತ್ತದೆ. ಬಸ್ಸು ಅದಕ್ಕೆ ಒತ್ತಿ ನಿಂತರೆ ಹತ್ತುವವರಿಗೆ ಆ ಅರ್ಧ ಅಡಿ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ನಮ್ಮ ಪೇಟೆ ಬೀದಿಗಳಲ್ಲಿ ಆ ಅಂಚಿಗೆ ಆಟೋಗಳು, ಹಣ್ಣಿನ ತಳ್ಳುಗಾಡಿಗಳು, ಸ್ಕೂಟರುಗಳು ಮೊದಲೇ ನಿಂತಿರುತ್ತವೆ. ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ, ಜನ ಫುಟ್‌ಪಾತಿನಿಂದ ಇಳಿದು ಓಡುತ್ತಾರೆ.