ಧ್ರುವದ ಆಕಾಶದಲ್ಲೊಂದು ತೆಳು ಪದರ

ಹಗಲೆಲ್ಲ ಕಿವಿ ಹಿಂಡಿದರೂ ಸಿಗದ ಧಾರವಾಡ ಆಕಾಶವಾಣಿ, ರಾತ್ರಿಯಾದರೆ ಮುಂಬೈಯಲ್ಲಿ ಗೊರಗೊರ ಸದ್ದಿನ ನಡುವೆ ಸಿಕ್ಕಿಬಿಡುತ್ತಿತ್ತು. ಈ ಊರಿಗೆ ಬಂದ ಹೊಸತರಲ್ಲಿ ಹಾಗೆ ಕನ್ನಡ ಕೇಳಿದವರಲ್ಲಿ ನಾನೂ ಒಬ್ಬ. ಆ ದನಿ ನಮ್ಮ ತನಕ ಬರುತ್ತಿದ್ದದ್ದು ಆಕಾಶಕ್ಕೆ ಬಡಿದು! ಸೂರ್ಯನ ತೀಕ್ಷ್ಣ ಕಿರಣಗಳು ತಾಗಿ ಮೇಲಿನ ಗಾಳಿಯ ಕಣಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಅದೇ ಅಯಾನುಗೋಳ. ಹಗಲು ಅದರ ತಳದ ಪದರ ಮೀಡಿಯಂ ವೇವನ್ನು ನುಂಗುತ್ತದೆ. ರಾತ್ರಿ ಆ ಪದರ ಕರಗುತ್ತದೆ, ಅಲೆ ಮೇಲೆ ಹೋಗಿ ಮರಳಿ ಬರುತ್ತದೆ.

ಈ ಗೋಳದ ಒಂದು ತುಂಟ ಪದರದ ಕಥೆ ಓದುತ್ತಾ ಓದುತ್ತಾ ನನಗೆ ಬಹಳ ಹಿಡಿಸಿತು. ಅದನ್ನೇ ಇಲ್ಲಿ ಹೇಳುತ್ತೇನೆ.

1901ರಲ್ಲಿ ಮಾರ್ಕೋನಿಯ ಸಂಕೇತ ಅಟ್ಲಾಂಟಿಕ್ ದಾಟಿತು. ಭೂಮಿ ಗುಂಡಗಿರುವಾಗ ಅದು ಹೇಗೆ ಸಾಧ್ಯ? ಮೇಲೆಲ್ಲೋ ವಿದ್ಯುತ್ ಹರಿಯುವ ಪದರ ಇರಬೇಕು ಅಂತ 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆ ಬೇರೆಯಾಗಿ ಊಹಿಸಿದರು. 1924ರಲ್ಲಿ ಇಂಗ್ಲೆಂಡಿನ ಆ್ಯಪಲ್ಟನ್ ಮತ್ತು ಬಾರ್ನೆಟ್ ಅದನ್ನು ಪ್ರಯೋಗದಿಂದ ತೋರಿಸಿದರು. ಸುಮಾರು ನೂರು ಕಿಲೋಮೀಟರ್ ಎತ್ತರದ ಆ ಪದರಕ್ಕೆ ಆ್ಯಪಲ್ಟನ್ 'ಇ' ಅಂತ ಹೆಸರಿಟ್ಟರು. ಯಾಕೆ 'ಇ'? ಮರಳಿ ಬಂದ ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಅವರು ತಮ್ಮ ಲೆಕ್ಕದಲ್ಲಿ ಬರೆಯುತ್ತಿದ್ದ ಅಕ್ಷರ ಅದು. ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ.

ಇದೇ ಎತ್ತರದಲ್ಲಿ ಆಗಾಗ ಒಂದು ವಿಚಿತ್ರ ಪದರ ಕಾಣಿಸತೊಡಗಿತು. ಒಂದೆರಡು ಕಿಲೋಮೀಟರ್ ದಪ್ಪ, ಆದರೆ ಬಲು ಸಾಂದ್ರ. ಸೂರ್ಯನಿಲ್ಲದ ನಡುರಾತ್ರಿಯಲ್ಲೂ ಬರುತ್ತದೆ, ಹೇಳದೆ ಕೇಳದೆ ಹೋಗುತ್ತದೆ. ಹಾಗಾಗಿ ಅದಕ್ಕೆ 'ಸ್ಪೊರಾಡಿಕ್ ಇ' ಅಂತ ಹೆಸರು, ಅಂದರೆ ಆಗೊಮ್ಮೆ ಈಗೊಮ್ಮೆ ಬರುವ 'ಇ'.

ಮೊದಲ ಪ್ರಶ್ನೆ: ರಾತ್ರಿ ಅಯಾನುಗಳು ಉಳಿಯುವುದು ಹೇಗೆ? ಗಾಳಿಯ ಸಾಮಾನ್ಯ ಅಯಾನು ಬೇಗನೆ ಎಲೆಕ್ಟ್ರಾನ್ ಸೇರಿಸಿಕೊಂಡು ತಣ್ಣಗಾಗುತ್ತದೆ. 1960ರ ದಶಕದ ರಾಕೆಟ್ಟುಗಳು ಅಲ್ಲಿ ಕಬ್ಬಿಣ, ಮೆಗ್ನೀಸಿಯಂ ಅಯಾನುಗಳನ್ನು ಕಂಡವು. ಅವು ಉರಿದುಹೋದ ಉಲ್ಕೆಗಳ ಪಳೆಯುಳಿಕೆ! ಲೋಹದ ಅಯಾನು ಗಂಟೆಗಟ್ಟಲೆ ಹಾಗೇ ಇರಬಲ್ಲದು.

ಎರಡನೆಯ ಪ್ರಶ್ನೆ: ಅವನ್ನು ತೆಳ್ಳಗೆ ಒತ್ತುವವರು ಯಾರು? 1961ರಲ್ಲಿ ವೈಟ್‌ಹೆಡ್ ಕೊಟ್ಟ ಉತ್ತರ ಸೊಗಸಾಗಿದೆ. ಮೇಲೆ ಗಾಳಿ ಪಶ್ಚಿಮಕ್ಕೂ ಅದರ ಕೆಳಗೆ ಪೂರ್ವಕ್ಕೂ ಬೀಸಿದರೆ, ಭೂಮಿಯ ಕಾಂತಕ್ಷೇತ್ರದಿಂದಾಗಿ ಮೇಲಿನ ಅಯಾನು ಇಳಿಯುತ್ತದೆ, ಕೆಳಗಿನದು ಏರುತ್ತದೆ. ಎರಡು ಅಂಗೈ ನಡುವೆ ಹಿಟ್ಟು ತಟ್ಟಿದ ಹಾಗೆ ನಡುವೆ ತೆಳು ಪದರ. ಮಧ್ಯ ಅಕ್ಷಾಂಶಗಳಲ್ಲಿ ಈ ಲೆಕ್ಕ ಚೆನ್ನಾಗಿ ಹೊಂದಿತು.

ಧ್ರುವದ ಕಡೆ ಹೊಂದಲಿಲ್ಲ. ಈ ಯಂತ್ರ ನಡೆಯುವುದಕ್ಕೆ ಕಾಂತಕ್ಷೇತ್ರ ಸ್ವಲ್ಪವಾದರೂ ಅಡ್ಡ ಮಲಗಿರಬೇಕು. ಧ್ರುವದ ಬಳಿ ಅದು ನೆಟ್ಟಗೆ ನಿಂತಿರುತ್ತದೆ. ನಾರ್ವೆಯ ಟ್ರೊಮ್ಸೊದಲ್ಲಿ ಅದರ ಓರೆ ಸುಮಾರು 78 ಡಿಗ್ರಿ, ಅಡ್ಡದ ಪಾಲು ಐದರಲ್ಲೊಂದು ಮಾತ್ರ. ಆದರೂ ಪದರ ಅಲ್ಲೂ ಹುಟ್ಟುತ್ತದೆ. ಹಾಗಾದರೆ ಒತ್ತುವವರು ಬೇರೆ ಯಾರೋ ಇರಲೇಬೇಕಲ್ಲ?

ಟ್ರೊಮ್ಸೊ ಈ ಕಥೆಗೆ ಹೊಸ ಊರಲ್ಲ. 1932-33ರ ಅಂತರರಾಷ್ಟ್ರೀಯ ಧ್ರುವ ವರ್ಷದಲ್ಲಿ ಆ್ಯಪಲ್ಟನ್ ತಂಡ ಅಲ್ಲಿಗೇ ಹೋಗಿ ಅಳೆದಿತ್ತು. ಕಾಂತ ಬಿರುಗಾಳಿಯ ಹೊತ್ತಿನಲ್ಲಿ ಮರುದನಿಯೇ ಬರದಿದ್ದದ್ದನ್ನೂ ಕಂಡಿತ್ತು. 1981ರಲ್ಲಿ ಅದೇ ಊರಿನ ಬಳಿ ಐಸ್ಕ್ಯಾಟ್ ಎಂಬ ದೊಡ್ಡ ರಾಡಾರ್ ಶುರುವಾಯಿತು, ಸ್ವೀಡನ್ನಿನ ಕಿರುನಾ ಮತ್ತು ಫಿನ್‌ಲ್ಯಾಂಡಿನ ಸೊದಾಂಕ್ಯುಲದಲ್ಲಿ ಅದರ ಕಿವಿಗಳು. 1984ರಲ್ಲಿ ಫಿನ್‌ಲ್ಯಾಂಡಿನ ನ್ಯುಗ್ರೇನ್ ಮತ್ತು ಸಂಗಡಿಗರು ಉತ್ತರ ಮುಂದಿಟ್ಟರು: ವಿದ್ಯುತ್ ಕ್ಷೇತ್ರ. ಧ್ರುವದ ಮೇಲೆ ಸೌರ ಮಾರುತದಿಂದ ಬಲವಾದ ವಿದ್ಯುತ್ ಕ್ಷೇತ್ರ ಇರುತ್ತದೆ. ಉತ್ತರಾರ್ಧದಲ್ಲಿ ಅದು ವಾಯವ್ಯಕ್ಕೆ ಮುಖ ಮಾಡಿದರೆ, ಗಾಳಿ ವಿರಳವಾದ ಎತ್ತರದಲ್ಲಿ ಅಯಾನು ಕೆಳಗೆ ಸರಿಯುತ್ತದೆ. ಕೆಳಗೆ ಗಾಳಿಯ ಕಣಗಳಿಗೆ ಢಿಕ್ಕಿ ಹೊಡೆಯುತ್ತಾ ಕ್ಷೇತ್ರದ ದಿಕ್ಕನ್ನೇ ಹಿಡಿದು ಮೇಲೆ ಸರಿಯುತ್ತದೆ. ಮತ್ತೆ ಅದೇ ಎರಡು ಅಂಗೈ, ಆದರೆ ಕೈ ಬೇರೆಯವರದು! ಬೇರೆ ಕಾರಣಕ್ಕೆ ಇಟ್ಟ 'ಇ' ಹೆಸರು ಧ್ರುವದಲ್ಲಿ ಹೀಗೆ ಅನ್ವರ್ಥವಾಯಿತು ನೋಡಿ.

ಇನ್ನೊಂದು ತುದಿ ನಮ್ಮ ದೇಶದಲ್ಲೇ ಇದೆ. ಕಾಂತ ಸಮಭಾಜಕದ ಮೇಲೆ ಕ್ಷೇತ್ರ ಪೂರ್ತಿ ಅಡ್ಡ ಮಲಗಿರುತ್ತದೆ. ಆಗ ಎಲೆಕ್ಟ್ರಾನುಗಳು ಮೇಲೆ ಕೆಳಗೆ ಹೋಗಲಾರವು, ವೈಟ್‌ಹೆಡ್ ಯಂತ್ರ ಅಲ್ಲೂ ಕೆಲಸಕ್ಕೆ ಬಾರದು. ಆ ಸಮಭಾಜಕದ ಸಮೀಪ ಅಂತಲೇ ಕೇರಳದ ತುಂಬಾವನ್ನು ಆರಿಸಿದ್ದು. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿ ಬಿಟ್ಟದ್ದು ಮೇಲಿನ ಗಾಳಿಯ ಚಲನೆ ನೋಡಲಿಕ್ಕೆ.

ಇದೆಲ್ಲ ನಮಗ್ಯಾಕೆ ಅಂತೀರಾ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ವಿಮಾನ ತಂದರು. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ಧ್ರುವದಿಂದ ಕಾಣುವುದಿಲ್ಲ. ಆ ದಾರಿಯಲ್ಲಿ ವಿಮಾನಗಳಿಗೆ ಶಾರ್ಟ್‌ವೇವ್ ರೇಡಿಯೋ ಇನ್ನೂ ಬೇಕು. ಆ ಅಲೆ ಎಲ್ಲಿಗೆ ಮುಟ್ಟುತ್ತದೆ, ಎಲ್ಲಿ ತಪ್ಪುತ್ತದೆ ಅನ್ನುವುದರಲ್ಲಿ ಉಲ್ಕೆಯ ಧೂಳಿನ ಈ ತೆಳು ಪದರದ ಕೈಯೂ ಇದೆ.